ಕ್ಯೂ ಕಾರ್ಡು, ಮಳೆ, ಮತ್ತೆ ನೋಡದೇ ಹೋದ ಬೋಪಣ್ಣ

ಅಂತೂ ಸೀಸನ್ ಮುಗೀತು. ನವೆಂಬರ್ 19ಕ್ಕೆ ಸ್ಪೇನಿನ ಮಲಗಾದಲ್ಲಿ ಡೇವಿಸ್ ಕಪ್ ಟೆನಿಸ್ ಮ್ಯಾಚಲ್ಲಿ ನಡಾಲ್, ವ್ಯಾನ್ ಡಿ ಝಾಂಡ್‌ಸ್ಖುಲ್ಪ್ ಅನ್ನೋ ಬಾಯಿ ತಿರುಗದ ಹೆಸರಿನವನಿಗೆ 6-4, 6-4 ಸೋತು ಆಟ ನಿಲ್ಲಿಸಿದ, ಅಲ್ಲಿಗೆ ನನ್ನ 2024 ಕೂಡ ಮುಗೀತು ಅಂತಲೇ ಲೆಕ್ಕ. ನಾಲ್ಕು ಗ್ರ್ಯಾಂಡ್ ಸ್ಲಾಮು, ನಡುವೆ ಟಿ20 ವಿಶ್ವಕಪ್ಪು, ಯೂರೋ ಫುಟ್‌ಬಾಲು, ಪ್ಯಾರಿಸ್ ಒಲಿಂಪಿಕ್ಸು, ಒಂದು ಮುಗಿಯೋಕೆ ಮುಂಚೆ ಇನ್ನೊಂದು ಬಂದು ಮೈಮೇಲೆ ಬಿದ್ದಂಗಾಯ್ತು ಈ ವರ್ಷ. ಇಷ್ಟರಲ್ಲಿ ಟಿವಿ ಬಿಟ್ಟು ಸ್ವಂತ ಕಣ್ಣಲ್ಲಿ ನೋಡಿದ್ದು ಜುಲೈನಲ್ಲಿ ವಿಂಬಲ್ಡನ್, ಅದೂ ಅರೆಬರೆ. ಬರಿಯೋಣ ಬರಿಯೋಣ ಅಂತ ಐದು ತಿಂಗಳು ತಳ್ಳಿದೆ, ಈಗ ಕೂತೆ. ನೆನಪಿದ್ದಷ್ಟು ದಿನದ ಪ್ರಕಾರ ಹೇಳ್ತಾ ಹೋಗ್ತೀನಿ, ಮಧ್ಯೆ ಬೇರೆ ಮ್ಯಾಚುಗಳು ನುಗ್ಗಿದ್ರೆ ಸಹಿಸ್ಕೊಳ್ಳಿ.

ಬುಧವಾರ, ಜುಲೈ 3

ಹಿಂದಿನ ರಾತ್ರಿ ಲಂಡನ್ನಲ್ಲಿ ಇಳಿದು ಫೋನ್ ಆನ್ ಮಾಡಿದ್ರೆ ಮೊದಲನೇ ಸುದ್ದಿನೇ ಬ್ರಿಟನ್ನಿನ ಆಂಡಿ ಮರ್ರೆ ಸಿಂಗಲ್ಸ್ ಆಡಲ್ಲ ಅಂತ, ಅದೂ ಅವನ ಕೊನೇ ವಿಂಬಲ್ಡನ್ನಲ್ಲಿ. ಜೂನ್ 22ಕ್ಕೆ ಬೆನ್ನುಹುರಿ ಹತ್ರ ಇದ್ದ ಸಿಸ್ಟ್ ತೆಗೆಸಿಕೊಂಡಿದ್ದ, ಹತ್ತೇ ದಿನದಲ್ಲಿ ಆಡ್ತೀನಿ ಅಂತ ಹಟ ಹಿಡಿದಿದ್ದ, ಕೊನೆಗೆ ಆಗಲಿಲ್ಲ. ಅಣ್ಣ ಜೇಮಿ ಜೊತೆ ಡಬಲ್ಸ್ ಮಾತ್ರ ಆಡ್ತಾನೆ, ಗುರುವಾರ, ಸೆಂಟರ್ ಕೋರ್ಟಲ್ಲಿ. ತಂಗಿ ಅಲ್ಲೇ ಕೆಲಸದಲ್ಲಿದ್ದಾಳೆ, ಟೆನಿಸ್ ಅಂದ್ರೆ ಅವಳಿಗೆ ಅಷ್ಟಕ್ಕಷ್ಟೆ. "ಟಿಕೆಟ್ ಇಲ್ದೆ ಯಾಕಣ್ಣ ಬಂದೆ?" ಅಂದ್ಳು. ಟಿಕೆಟ್ ಇಲ್ದೆ ಬರೋದೇ ಇಲ್ಲಿನ ಪದ್ಧತಿ ಕಣೇ, ಇಡೀ ಜಗತ್ತಲ್ಲಿ ಇಷ್ಟು ದೊಡ್ಡ ಟೂರ್ನಮೆಂಟಿಗೆ ಅವತ್ತಿನ ದಿನ ಲೈನಲ್ಲಿ ನಿಂತು ಮುಂದಿನ ಸೀಟೇ ತಗೋಬಹುದಾದ ಜಾಗ ಇದೊಂದೇ ಇರ್ಬೇಕು ಅಂತ ಭಾಷಣ ಮಾಡಿ ಎಳ್ಕೊಂಡು ಹೋದೆ.

ಡಿಸ್ಟ್ರಿಕ್ಟ್ ಲೈನಲ್ಲಿ ಸೌತ್‌ಫೀಲ್ಡ್ಸ್ ಸ್ಟೇಷನ್. ವಿಂಬಲ್ಡನ್ ಅನ್ನೋ ಹೆಸರಿನ ಸ್ಟೇಷನ್ ಬೇರೆ ಇದೆ, ಅಲ್ಲಿ ಇಳಿದೋರು ಜಾಸ್ತಿ ನಡೀಬೇಕು. ಸೌತ್‌ಫೀಲ್ಡ್ಸಿಂದ ಜನ ಹೋಗೋ ಕಡೆ ಹೋದ್ರೆ ಸಾಕು, ಸೀದಾ ವಿಂಬಲ್ಡನ್ ಪಾರ್ಕಿಗೆ ತಂದು ಬಿಡತ್ತೆ, ಹುಲ್ಲಿನ ಮೈದಾನ, ಸಾಲುಸಾಲು ಟೆಂಟು. ಒಂದು ಟೆಂಟಲ್ಲಿ ಇಬ್ಬರಿಗಿಂತ ಜಾಸ್ತಿ ಇರಂಗಿಲ್ಲ. ಪ್ರತಿಯೊಬ್ಬರಿಗೂ ಒಂದು ಕ್ಯೂ ಕಾರ್ಡು ಕೊಡ್ತಾರೆ, ತಾರೀಖು ಮತ್ತೆ ನಂಬರ್ ಇರತ್ತೆ, ಅದನ್ನ ಕಳ್ಕೊಂಡ್ರೆ ಕತೆ ಮುಗೀತು. ಜಾಗ ಬಿಟ್ಟು ಅರ್ಧ ಗಂಟೆಗಿಂತ ಹೆಚ್ಚು ಹೋಗಂಗಿಲ್ಲ. ಬ್ಯಾಗ್ ಇಟ್ಟು ಜಾಗ ಹಿಡಿಯೋದು, "ನಮ್ಮೋರು ಹಿಂದೆ ಬರ್ತಿದಾರೆ" ಅನ್ನೋದು ಯಾವುದೂ ನಡಿಯಲ್ಲ. ಇದಕ್ಕೆಲ್ಲ ಒಂದು ಕೈಪಿಡಿನೇ ಮಾಡಿ ಹಂಚ್ತಾರೆ ಅಂದ್ರೆ ನೋಡಿ, ಕ್ಯೂ ನಿಲ್ಲೋದು ಹೆಂಗೆ ಅಂತ ಪುಸ್ತಕ!

ನಮ್ಮ ನಂಬರ್ 1,530ರ ಆಸುಪಾಸು. ಲೆಕ್ಕ ಹೀಗೆ: ಸೆಂಟರ್ ಕೋರ್ಟು, ನಂಬರ್ ಒನ್ ಕೋರ್ಟು, ನಂಬರ್ ಟೂ ಕೋರ್ಟು, ಮೂರಕ್ಕೂ ದಿನಕ್ಕೆ ಸುಮಾರು 500 ಸೀಟು ಕ್ಯೂನವರಿಗೆ ಅಂತ ಎತ್ತಿಟ್ಟಿರ್ತಾರೆ, ಅಂದ್ರೆ ಮೊದಲ 1,500 ಜನಕ್ಕೆ ಯಾವುದೋ ಒಂದು. ಆಮೇಲಿನವರಿಗೆ ಗ್ರೌಂಡ್ ಪಾಸು, ಅದರಲ್ಲಿ ಹೊರಗಿನ ಕೋರ್ಟುಗಳಲ್ಲಿ ಸೀಟ್ ಸಿಕ್ಕಿದ ಕಡೆ ಕೂತು ನೋಡೋದು. ಮೂವತ್ತು ಜನರಲ್ಲಿ ಆಚೆ ಈಚೆ ಆಗಿತ್ತು ನಮ್ಮ ಹಣೆಬರಹ. ಆದ್ರೆ ಮುಂದಿದ್ದೋರಲ್ಲಿ ಕೆಲವರು "ನಮಗೆ ಗ್ರೌಂಡ್ ಪಾಸೇ ಸಾಕು" ಅಂತಾರಂತೆ, ಆಗ ಹಿಂದಿನೋರಿಗೆ ಅದೃಷ್ಟ. ಆ ಆಸೆ ಮೇಲೆ ಟೆಂಟ್ ಹೊಡೆದ್ವಿ.

ಪಕ್ಕದ ಟೆಂಟಲ್ಲಿ ಒಬ್ಬರು ವಯಸ್ಸಾದೋರು, ರಿಟೈರ್ಡ್ ಪೋಸ್ಟ್‌ಮ್ಯಾನ್, ಮಡಚೋ ಕುರ್ಚಿ, ಫ್ಲಾಸ್ಕು, ಉದ್ದ ಕಪ್ಪು ಕೊಡೆ. ತಂಗಿ ಅವರಿಗೆ ನಮ್ಮಿಬ್ಬರ ಮಧ್ಯೆ ಕ್ಯೂ ತಾತ ಅಂತ ಹೆಸರಿಟ್ಳು. ಯಾರ ಮ್ಯಾಚಿಗೆ ಬಂದಿದೀರ ಅಂತ ಕೇಳಿದೆ. ಡಬಲ್ಸಿಗೆ ಅಂದ್ರು. ಮರ್ರೆನಾ ಅಂದೆ. ಅಲ್ಲ, ಯಾವ ಡಬಲ್ಸಾದ್ರೂ ಪರವಾಗಿಲ್ಲ ಅಂದ್ರು. ಸಿಂಗಲ್ಸ್ ಟಿವಿಲೇ ಚೆನ್ನಾಗಿ ಕಾಣತ್ತೆ, ಕ್ಯಾಮೆರಾ ಬೇಸ್‌ಲೈನ್ ಹಿಂದೆ ಎತ್ತರದಲ್ಲಿ ಇರತ್ತಲ್ಲ, ನೆಟ್ ಹತ್ರ ನಾಲ್ಕು ಜನ ನಿಂತು ಬಾಲ್ ನೆಲಕ್ಕೇ ಬೀಳದಂಗೆ ಹೊಡೆದಾಡೋದು ಅದಕ್ಕೆ ಗೊತ್ತಾಗಲ್ಲ, ಎಲ್ಲಾ ಚಪ್ಪಟೆಯಾಗಿ ಕಾಣತ್ತೆ, ಅದನ್ನ ಇಲ್ಲೇ ನೋಡ್ಬೇಕು ಅಂದ್ರು. ನನಗೆ ಒಪ್ಪಿಗೆಯಾಯ್ತು. ನಮ್ಮ ಕಡೆಯವನು ಒಬ್ಬ ಇದಾನೆ, ರೋಹನ್ ಬೋಪಣ್ಣ, ಕೊಡಗಿನವನು, 44 ವಯಸ್ಸು, ಜನವರಿಯಲ್ಲಿ ಮೆಲ್ಬರ್ನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಎಬ್ಡನ್ ಜೊತೆ ಗೆದ್ದಾಗ 43 ಆಗಿತ್ತು, ಗ್ರ್ಯಾಂಡ್ ಸ್ಲಾಮ್ ಗೆದ್ದ ಗಂಡಸರಲ್ಲಿ ಓಪನ್ ಯುಗದಲ್ಲಿ, ಅಂದ್ರೆ 1968ರಿಂದೀಚೆ, ಅಷ್ಟು ವಯಸ್ಸಾದೋನು ಇನ್ನೊಬ್ಬ ಇಲ್ಲ, ಅವನನ್ನ ನೋಡೇ ಹೋಗ್ತೀನಿ ಅಂತ ಜಂಬ ಕೊಚ್ಚಿದೆ. ತಾತನಿಗೆ ಇದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು, ಪಾಪ ಸುಮ್ನೆ ಕೇಳಿಸಿಕೊಂಡ್ರು.

ರಾತ್ರಿ ಹತ್ತಕ್ಕೆ ಎಲ್ಲಾ ಗಪ್‌ಚುಪ್. ಯಾರೋ ಇಂಡಿಯಾ ಜರ್ಸಿ ಹಾಕಿದ್ದ ಹುಡುಗರು ಟಿ20 ವಿಶ್ವಕಪ್ ಗೆದ್ದು ನಾಲ್ಕು ದಿನ ಆದ್ರೂ ಇನ್ನೂ ಸೂರ್ಯಕುಮಾರ್ ಹಿಡಿದ ಕ್ಯಾಚನ್ನೇ ಪಿಸುಮಾತಲ್ಲಿ ಮಾತಾಡ್ತಿದ್ರು. ನೆಲ ಒದ್ದೆ, ಬೆನ್ನಿಗೆ ಥಂಡಿ, ನಿದ್ದೆ ಇಲ್ಲ.

ಗುರುವಾರ, ಜುಲೈ 4

ಬೆಳಿಗ್ಗೆ ಆರಾಗೋಕೂ ಮುಂಚೆ ಸ್ಟೀವರ್ಡ್‌ಗಳು ಟೆಂಟ್ ತಟ್ಟಿ ಎಬ್ಬಿಸಿದ್ರು, ಮದುವೆ ಮನೇಲಿ ಎಬ್ಬಿಸಿದಂಗೆ, ಬೈಯಲ್ಲ ಆದ್ರೆ ಬಿಡೋದೂ ಇಲ್ಲ. ಟೆಂಟ್ ಮಡಚಿ ಲಗೇಜ್ ಕೌಂಟರಿಗೆ ಕೊಟ್ಟು ಲೈನಲ್ಲಿ ಒತ್ತಾಗಿ ನಿಂತ್ವಿ. ಆಮೇಲೆ ಕೈಗೆ ಕಟ್ಟೋ ಬ್ಯಾಂಡ್ ಹಿಡ್ಕೊಂಡು ಒಬ್ಬ ಬಂದ, ಒಂದೊಂದು ಕೋರ್ಟಿಗೆ ಒಂದೊಂದು ಬಣ್ಣ. ಅವನ ಕೈಲಿರೋ ಕಟ್ಟು ತೆಳ್ಳಗಾಗ್ತಾ ಬರೋದನ್ನೇ ನೋಡ್ತಾ ನಿಂತಿದ್ದೆ. ನಮಗಿಂತ ಹನ್ನೊಂದು ಜನ ಮುಂದೆ ಖಾಲಿ ಆಯ್ತು. ಹನ್ನೊಂದು! ಕ್ಯೂ ತಾತನಿಗೂ ಸಿಗಲಿಲ್ಲ, ಆದ್ರೆ ಅವರು ಬೇಕು ಅಂತ ಬಂದೋರೇ ಅಲ್ವಲ್ಲ. ಇನ್ನೊಂದು ವಿಷಯ ಅಂದ್ರೆ ಬರೀ ಗ್ರೌಂಡ್ ಪಾಸಿಗೆ ರಾತ್ರಿ ಪೂರ್ತಿ ಮಲಗೋದು ಬೇಕಾಗೇ ಇರಲಿಲ್ಲ, ಬೆಳಗಿನ ಜಾವ ಬಂದಿದ್ರೂ ಸಾಕಿತ್ತು. ತಂಗಿ ಇದನ್ನ ಇವತ್ತಿಗೂ ಮರೆತಿಲ್ಲ.

30 ಪೌಂಡ್ ಕೊಟ್ಟು ಒಳಗೆ ಹೋದ್ವಿ. ಹನ್ನೊಂದಕ್ಕೆ ಹೊರಗಿನ ಕೋರ್ಟುಗಳಲ್ಲಿ ಆಟ ಶುರು. ಇಲ್ಲಿ ಒಂದು ಮಾತು ಹೇಳ್ಬೇಕು, ಟಿವಿಲಿ ನೋಡಿ ನೋಡಿ ವಿಂಬಲ್ಡನ್ ಅಂದ್ರೆ ದೊಡ್ಡ ಸ್ಟೇಡಿಯಂ ಅಂತ ತಲೇಲಿ ಕೂತಿರತ್ತೆ, ಹೊರಗಿನ ಕೋರ್ಟುಗಳು ಹಂಗಲ್ಲ, ನಾಲ್ಕು ಸಾಲು ಬೆಂಚು ಅಷ್ಟೆ, ಮುಂದಿನ ಬೆಂಚಲ್ಲಿ ಕೂತ್ರೆ ಸೈಡ್‌ಲೈನು ತೀರಾ ಹತ್ರ ಇರತ್ತೆ. ಆಟಗಾರರ ಉಸಿರು ಕೇಳತ್ತೆ. ಹುಲ್ಲನ್ನ 8 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿರ್ತಾರೆ, ಅದರ ಮೇಲೆ ಬಾಲ್ ಬಿದ್ರೆ ಕೇಳೋ ಸದ್ದು ಬೇರೇನೇ, ಗಟ್ಟಿ ನೆಲದ ಕೋರ್ಟಲ್ಲಿ ಟಪ್ ಅನ್ನತ್ತಲ್ಲ, ಇಲ್ಲಿ ಹಂಗಿಲ್ಲ, ಬಿದ್ದಿದ್ದು ಕೇಳೋದೇ ಇಲ್ಲ ಅನ್ನೋಷ್ಟು ಮೆತ್ತಗೆ, ರ‍್ಯಾಕೆಟ್ ಸದ್ದು ಮಾತ್ರ ಗಟ್ಟಿ. ಸ್ಲೈಸ್ ಮಾಡಿದ ಬಾಲು ಬಿದ್ದು ಏಳೋದೇ ಇಲ್ಲ, ಜಾರಿಕೊಂಡು ಹೋಗತ್ತೆ, ಎದುರಿಗಿರೋನು ಮಂಡಿ ನೆಲಕ್ಕೆ ತಾಗಿಸಿ ಎತ್ತಬೇಕು.

ಒಂದು ಮ್ಯಾಚಲ್ಲಿ ನಾವು ಕೂತ ಕಡೆ ಎದುರಿಗೇ ಒಬ್ಬ ಲೈನ್ ಜಡ್ಜ್, ಅಂದ್ರೆ ಬಾಲ್ ಗೆರೆಯಾಚೆ ಬಿದ್ರೆ ಔಟ್ ಅಂತ ಕೂಗೋರು, ನಿಂತಿದ್ರು, ಐವತ್ತೈದರ ಹೆಂಗಸು. ಸರ್ವ್ ಶುರುವಾಗೋ ಮುಂಚೆ ಎರಡೂ ಕೈ ಮಂಡಿ ಮೇಲಿಟ್ಟು ಬಗ್ಗೋರು, ಗೆರೆ ಬಿಟ್ಟು ಕಣ್ಣು ಅಲ್ಲಾಡಿಸ್ತಿರಲಿಲ್ಲ, ಬಾಲ್ ಎಲ್ಲಿ ಹೋಯ್ತು ಅಂತ ಎಲ್ಲರ ಕತ್ತೂ ಆ ಕಡೆ ಈ ಕಡೆ ಹೋಗ್ತಿದ್ರೆ ಇವರದ್ದು ಮಾತ್ರ ಹಂಗೇ. ಪಾಯಿಂಟ್ ಮುಗಿದ ಮೇಲೆ ನೆಟ್ಟಗೆ ನಿಂತು, ಸೊಂಟಕ್ಕೆ ಒಂದು ಸಲ ಕೈ ಒತ್ಕೊಂಡು, ಮತ್ತೆ ಬಗ್ಗೋರು. ನಾನು ಪ್ಲೇಯರ್ ಸರ್ವ್ ಮಾಡೋದನ್ನ ವಿಡಿಯೋ ಮಾಡೋಕೆ ಹೋಗಿ ತಪ್ಪಿ ಇವರನ್ನ ತೆಗೆದಿದ್ದೆ. ಇದು ಆಮೇಲೆ ಬರತ್ತೆ.

ಮಧ್ಯಾಹ್ನ 18ನೇ ನಂಬರ್ ಕೋರ್ಟ್ ಗೋಡೆ ಮೇಲಿರೋ ಫಲಕ ನೋಡೋಕೆ ಹೋದ್ವಿ. 2010ರಲ್ಲಿ ಇಸ್ನರ್ ಮತ್ತೆ ಮಹೂ ಇಬ್ಬರೂ ಇಲ್ಲಿ ಮೂರು ದಿನ, 11 ಗಂಟೆ 5 ನಿಮಿಷ ಆಡಿದ್ರು, ಕೊನೇ ಸೆಟ್ಟು 70-68. ತಂಗಿ ಮೂರು ಸಲ ಓದಿದ್ಳು. "ಇಷ್ಟು ಹೊತ್ತು ನೋಡ್ತಾ ಕೂತಿದ್ದೋರಿಗೆ ಏನೂ ಫಲಕ ಇಲ್ವಾ?" ಅಂದ್ಳು. ನಗು ಬಂತು, ಆದ್ರೆ ಅದೇ ಮಾತು ಈ ವರ್ಷ ಪೂರ್ತಿ ತಲೇಲಿ ಗುಂಯ್ ಅಂತಿತ್ತು. ಯಾಕಂದ್ರೆ ಟೆನಿಸ್ಸಿಗೆ ಮುಗಿಯೋ ಟೈಮ್ ಅಂತಿಲ್ಲ, ಫುಟ್‌ಬಾಲ್ ಆದ್ರೆ 90 ನಿಮಿಷ, ಟಿ20 ಆದ್ರೆ 20 ಓವರು, ಊಟಕ್ಕೆ ಬರ್ತೀನಿ ಅಂತ ಮನೇಲಿ ಹೇಳಿ ಹೋಗ್ಬಹುದು. ಇದರಲ್ಲಿ ನಾಲ್ಕನೇ ಮ್ಯಾಚ್ ಅಂತ ಬರೆದಿದ್ರೆ ಅದು ಸಂಜೆ ಐದಕ್ಕೋ ರಾತ್ರಿ ಒಂಬತ್ತಕ್ಕೋ ಇಲ್ಲ ನಾಳೆಗೋ ದೇವರಿಗೇ ಗೊತ್ತು. ಟೆನಿಸ್ ಹುಚ್ಚು ಅಂದ್ರೆ ಅರ್ಧಕ್ಕರ್ಧ ಕಾಯೋದರ ಹುಚ್ಚು.

ಸಂಜೆ ಬೆಟ್ಟಕ್ಕೆ ಹೋದ್ವಿ. ಬೆಟ್ಟ ಅಂದ್ರೆ ಹುಲ್ಲಿನ ದಿಬ್ಬ, ಹೆನ್‌ಮನ್ ಹಿಲ್ ಅಂತಾರೆ, ಕೆಲವರು ಮರ್ರೆ ಮೌಂಡ್ ಅಂತಾರೆ, ಎದುರಿಗೆ ನಂಬರ್ ಒನ್ ಕೋರ್ಟ್ ಗೋಡೆ ಮೇಲೆ ದೊಡ್ಡ ಸ್ಕ್ರೀನು. 2.50 ಪೌಂಡಿನ ಸ್ಟ್ರಾಬೆರಿ, 2010ರಿಂದ ಅವತ್ತಿನವರೆಗೂ ಅದೇ ರೇಟಿತ್ತು, ಲಂಡನ್ನಲ್ಲಿ ಅಲ್ಲೀವರೆಗೆ ಬೆಲೆ ಏರದೇ ಉಳಿದಿದ್ದು ಅದೊಂದೇ ಇರ್ಬೇಕು. ನಿನ್ನೆಯ ಇಂಡಿಯಾ ಜರ್ಸಿ ಹುಡುಗರು ಅಲ್ಲೇ ಸಿಕ್ರು, ಸ್ಕ್ರೀನ್ ಬಿಟ್ಟು ಫೋನ್ ಮೇಲೆ ಬಿದ್ದಿದ್ರು, ಅವತ್ತೇ ಮುಂಬೈ ಮರೀನ್ ಡ್ರೈವಲ್ಲಿ ಟೀಮ್ ಇಂಡಿಯಾ ಬಸ್ ಮೆರವಣಿಗೆ, ಆ ಸಮುದ್ರದ ಪಕ್ಕ ಇನ್ನೊಂದು ಜನಸಮುದ್ರ. ಒಂದು ಕಡೆ ಗೆದ್ದೋರನ್ನ ತಲೆ ಮೇಲೆ ಹೊರ್ತಿದ್ರು, ಇನ್ನೊಂದು ಕಡೆ ಇಲ್ಲಿ ಜನ ಒಬ್ಬ ಸೋಲೋದನ್ನ ನೋಡೋಕೆ ಕಿಕ್ಕಿರಿದು ಕೂತಿದ್ರು, ಯಾಕಂದ್ರೆ ಮರ್ರೆ ಗೆಲ್ತಾನೆ ಅಂತ ಅಲ್ಲಿ ಯಾರಿಗೂ ಭ್ರಮೆ ಇರಲಿಲ್ಲ.

ಹಿಜಿಕಾಟಾ, ಪಿಯರ್ಸ್ ಅನ್ನೋ ಆಸ್ಟ್ರೇಲಿಯಾದ ಜೋಡಿ. ಮೊದಲ ಸೆಟ್ಟು ಟೈಬ್ರೇಕಲ್ಲಿ (6-6 ಆದಾಗ ಆಡಿಸೋ ನಿರ್ಣಾಯಕ ಗೇಮಲ್ಲಿ) ಹೋಯ್ತು, ಎರಡನೇದು 6-4. ಮರ್ರೆ ಬೆನ್ನು ಹಿಡ್ಕೊಂಡೇ ಆಡ್ತಿದ್ದ. ಆಮೇಲೆ ಸ್ಕ್ರೀನಲ್ಲಿ ಅವನ ಹಳೇ ವಿಡಿಯೋ ಹಾಕಿದ್ರು, 2012ರಲ್ಲಿ ಫೆಡರರ್ ಹತ್ರ ಫೈನಲ್ ಸೋತು ಅತ್ತಿದ್ದು, 2013ರಲ್ಲಿ ಗೆದ್ದಿದ್ದು. ಫ್ರೆಡ್ ಪೆರ್ರಿ 1936ರಲ್ಲಿ ಗೆದ್ದ ಮೇಲೆ 77 ವರ್ಷ ಈ ಜನ ಕಾದಿದ್ರು, ನಮ್ಮ ಒಂದು ರಾತ್ರಿ ಯಾವ ಲೆಕ್ಕ. ಜೊಕೊವಿಚ್ ಬಂದು ನಿಂತಿದ್ದ, ಶ್ವಿಯಾಂಟೆಕ್, ನವ್ರಾತಿಲೋವಾ, ಮೆಕೆನ್ರೋ. ದಿಬ್ಬದ ಮೇಲೆ ನನ್ನ ಮುಂದೆ ಕೂತಿದ್ದ ದೊಡ್ಡ ಆಸಾಮಿಯೊಬ್ಬ ಕೂಲಿಂಗ್ ಗ್ಲಾಸ್ ಹಾಕ್ಕೊಂಡ, ಬಿಸಿಲು ಹೋಗಿ ಎಷ್ಟೋ ಹೊತ್ತಾಗಿತ್ತು.

ಅಷ್ಟರಲ್ಲಿ ತಂಗಿ ತೋಳು ಜಗ್ಗಿದ್ಳು. ಅವತ್ತೇ ಬ್ರಿಟನ್ ಸಂಸತ್ ಚುನಾವಣೆ, ಕಾಮನ್‌ವೆಲ್ತ್ ದೇಶದೋರು ಅಲ್ಲಿ ವಾಸ ಇದ್ರೆ ಓಟು ಹಾಕಬಹುದು. "ಅಣ್ಣ, ಹತ್ತಕ್ಕೆ ಬೂತ್ ಮುಚ್ತಾರೆ, ನಂದು ಮೊದಲನೇ ಓಟು ಇಲ್ಲಿ, ಏಳು!" ಪಾಸ್‌ಪೋರ್ಟ್ ಬ್ಯಾಗಲ್ಲೇ ಇಟ್ಕೊಂಡು ಬಂದಿದ್ಳು. ಮರ್ರೆ ಇನ್ನೂ ಮಾತಾಡ್ತಿದ್ದ, ನಾನು ಹಿಂದೆ ತಿರುಗಿ ನೋಡ್ತಾ ನೋಡ್ತಾ ದಿಬ್ಬ ಇಳಿದೆ. ಬೂತಲ್ಲಿ ಕ್ಯೂನೇ ಇರಲಿಲ್ಲ, ಎರಡು ನಿಮಿಷದ ಕೆಲಸ. ಅವಳ ಮುಖ ನೋಡಿದ್ಮೇಲೆ ನಾನೇನೂ ಅನ್ನಲಿಲ್ಲ.

ಶುಕ್ರವಾರ, ಜುಲೈ 5

ಮಳೆ. ಹೋಗಲಿಲ್ಲ. ಮೈ ಕೈ ನೋವು ಬೇರೆ. ಸೋಫಾ ಮೇಲೆ ಬಿದ್ಕೊಂಡು ಟಿವಿಲಿ ಆಲ್ಕರಾಜ್ ಮತ್ತೆ ಟಿಯಾಫೋ ನೋಡಿದೆ. ಟಿಯಾಫೋ ಎರಡು ಸೆಟ್ ಒಂದು ಸೆಟ್ ಮುಂದೆ ಇದ್ದ, ನಾಲ್ಕನೇದು ಟೈಬ್ರೇಕಿಗೆ ಹೋಯ್ತು, ಅಲ್ಲಿ ಆಲ್ಕರಾಜ್ 7-2, ಐದನೇದು 6-2. ಮೂರು ಕಿಲೋಮೀಟರ್ ಆಚೆ ನಡೀತಿರೋ ಮ್ಯಾಚನ್ನ ಟಿವಿಲಿ ನೋಡೋದು ಒಂಥರಾ ಅವಮಾನ.

ಹಂಗೇ ಕೂತು ವರ್ಷದ ಲೆಕ್ಕ ಹಾಕ್ತಿದ್ದೆ. ಜನವರಿಯಲ್ಲಿ ಮೆಲ್ಬರ್ನು, ರಷ್ಯಾದ ಮೆಡ್ವೆಡೆವ್. ಒಂದು ಮ್ಯಾಚು ಬೆಳಗಿನ ಜಾವ 3.39ಕ್ಕೆ ಮುಗಿಸಿದ, ಇಡೀ ಟೂರ್ನಮೆಂಟಲ್ಲಿ 24 ಗಂಟೆ 17 ನಿಮಿಷ ಕೋರ್ಟ್ ಮೇಲಿದ್ದ, ಗ್ರ್ಯಾಂಡ್ ಸ್ಲಾಮ್ ದಾಖಲೆ ಅದು, ಅಷ್ಟೆಲ್ಲಾ ಆಗಿ ಫೈನಲಲ್ಲಿ ಸಿನ್ನರ್ ಮೇಲೆ ಮೊದಲೆರಡು ಸೆಟ್ ಗೆದ್ದು ಉಳಿದ ಮೂರೂ ಕಳ್ಕೊಂಡ. 2022ರಲ್ಲಿ ನಡಾಲ್ ಹತ್ರ ಇದೇ ಊರಲ್ಲಿ ಇದೇ ಥರ ಸೋತಿದ್ದ. ಗೆದ್ದೋನ ಬಗ್ಗೆ ಬರೆಯೋರು ಸಾವಿರ ಜನ ಇದಾರೆ, ನನಗೆ ಮೆಡ್ವೆಡೆವ್ ಆ ಟ್ರೋಫಿ ಪಕ್ಕ ನಿಂತಿದ್ದ ನಿಲುವೇ ಕಣ್ಣಲ್ಲಿ ಉಳಿದಿದೆ. ಜೂನಲ್ಲಿ ಪ್ಯಾರಿಸ್ಸಲ್ಲಿ ಫ್ರೆಂಚ್ ಓಪನ್, ಜೊಕೊವಿಚ್ ಮತ್ತೆ ಮುಸೆಟ್ಟಿ, ರಾತ್ರಿ 3.07ಕ್ಕೆ ಮುಗೀತು, ಅಲ್ಲಿ ಯಾವತ್ತೂ ಅಷ್ಟು ಲೇಟಾಗಿ ಮುಗಿದಿದ್ದಿಲ್ಲ. ಮರುದಿನದ ಮ್ಯಾಚಲ್ಲಿ ಜೊಕೊವಿಚ್ ಐದು ಸೆಟ್ ಆಡಿ ಗೆದ್ದ, ಆದ್ರೆ ಮೊಣಕಾಲಿನ ಮೆನಿಸ್ಕಸ್ ಹರಿದಿತ್ತು, ಟೂರ್ನಮೆಂಟ್ ಬಿಟ್ಟ, ಜೂನ್ 5ಕ್ಕೆ ಆಪರೇಷನ್. ರಾತ್ರಿ ಮೂರರ ತನಕ ಆಡಿಸೋರಿಗೆ ಏನು ಹೇಳೋದು, ಟಿವಿಯೋರಿಗೆ ಪ್ರೈಮ್ ಟೈಮ್ ಬೇಕು, ಮೈ ಸವೆಸೋನು ಇನ್ನೊಬ್ಬ. ಈ ವಿಷಯದಲ್ಲಿ ವಿಂಬಲ್ಡನ್ನಿನ ರಾತ್ರಿ 11ರ ಕಟ್ಟುನಿಟ್ಟು ನನಗೆ ಇಷ್ಟ. ಅಕ್ಕಪಕ್ಕದ ಮನೆಯೋರಿಗೆ ತೊಂದ್ರೆ ಆಗ್ಬಾರ್ದು ಅಂತ ಮಾಡಿದ ನಿಯಮ, ಆಟಗಾರನ ಮಂಡಿಗೂ ಒಳ್ಳೇದಾಯ್ತು.

ರಾತ್ರಿ ಶನಿವಾರದ ಪಟ್ಟಿ ಬಂತು. ಬೋಪಣ್ಣ-ಎಬ್ಡನ್ ಎರಡನೇ ರೌಂಡು ಇತ್ತು. ಅಲಾರಂ ಇಟ್ಟೆ.

ಶನಿವಾರ, ಜುಲೈ 6

ಇವತ್ತಿನದ್ದು ಬರಿಯೋಕೇ ಸ್ವಲ್ಪ ಬೇಜಾರು.

ಟೆಂಟ್ ಇಲ್ಲ, ಬೆಳಗಿನ ಜಾವ ಕ್ಯಾಬಲ್ಲಿ ಹೋಗಿ ನಿಂತ್ವಿ, ಗ್ರೌಂಡ್ ಪಾಸ್ ಆರಾಮಾಗಿ ಸಿಕ್ತು. ಪ್ಲಾನ್ ಸರಳ, ಬೋಪಣ್ಣನ ಮ್ಯಾಚು ನೋಡೋದು ಅಷ್ಟೆ. ಆದ್ರೆ ಅಲ್ಲಿ ಇನ್ನೊಂದು ವ್ಯವಸ್ಥೆ ಇದೆ. ಸೆಂಟರ್ ಕೋರ್ಟಿಂದ ಬೇಗ ಮನೆಗೆ ಹೋಗೋರು ಟಿಕೆಟ್ ವಾಪಸ್ ಕೊಟ್ರೆ ಅದನ್ನ ಗ್ರೌಂಡ್ ಪಾಸಿನೋರಿಗೆ 15 ಪೌಂಡಿಗೆ ಮತ್ತೆ ಮಾರ್ತಾರೆ, ಆ ದುಡ್ಡು ಧರ್ಮಕ್ಕೆ ಹೋಗತ್ತೆ. ಫೋನಲ್ಲಿ ಆ್ಯಪ್ ತೆಗೆದು ಲೈನಿಗೆ ಹೆಸರು ಹಾಕ್ಬೇಕು, ನಮ್ಮ ಸರದಿ ಬಂದಾಗ ದಿಬ್ಬದ ಮೇಲಿರೋ ಕೌಂಟರಿಗೆ ಓಡ್ಬೇಕು. ಸುಮ್ನೆ ಇರ್ಲಿ ಅಂತ ಹಾಕಿಟ್ಟೆ. ಅವತ್ತು ಸೆಂಟರಲ್ಲಿ ಕೊನೇದು ಜೊಕೊವಿಚ್ ಮತ್ತೆ ಪಾಪಿರಿನ್.

ಬೋಪಣ್ಣನ ಕೋರ್ಟ್ ಕಡೆ ಹೋಗ್ತಿದ್ದಂಗೆ ಫೋನ್ ನೋಡಿದ್ರೆ ಲೈನು ಸರಸರ ಮುಂದೆ ಹೋಗ್ತಿದೆ. ಈಗ ಬರತ್ತೆ, ಇನ್ನು ಹತ್ತು ನಿಮಿಷ, ಈಗ ಕೋರ್ಟಲ್ಲಿ ಹೋಗಿ ಕೂತ್ರೆ ಕರೆದಾಗ ಓಡೋಕಾಗಲ್ಲ, ಟಿಕೆಟ್ ತಗೊಂಡು ಬಂದು ಬೋಪಣ್ಣನ ಎರಡನೇ ಸೆಟ್ ನೋಡೋಣ, ಡಬಲ್ಸಲ್ಲಿ ಮೂರು ಸೆಟ್ ಆಗೋದು ಮಾಮೂಲಿ, ಹೀಗೆಲ್ಲ ಲೆಕ್ಕ ಹಾಕಿ ಕೌಂಟರ್ ಹತ್ರಾನೇ ನಿಂತೆ. ತಂಗಿ "ಅಣ್ಣ, ನೀನು ಬಂದಿದ್ದೇ ಅವನನ್ನ ನೋಡೋಕೆ ಅಲ್ವಾ?" ಅಂತ ಒಂದು ಸಲ ಕೇಳಿದ್ಳು, ಎರಡನೇ ಸಲ ಕೇಳಲಿಲ್ಲ. ಲೈನು ಅಲ್ಲೇ ನಿಂತುಬಿಡ್ತು. ನನ್ನ ಸರದಿ ಬರೋ ಹೊತ್ತಿಗೆ ಫೋನಲ್ಲಿ ಸ್ಕೋರ್ ಬಂದಿತ್ತು, ಯೆಬೆನ್ಸ್, ಫ್ರಾಂಟ್ಸೆನ್ ಅನ್ನೋ ಜರ್ಮನಿಯ ಜೋಡಿಗೆ 6-3, 7-6. ಎರಡನೇ ಸೀಡು, ಎರಡನೇ ರೌಂಡಲ್ಲೇ ಔಟು. ಮೂರನೇ ಸೆಟ್ಟೇ ಇಲ್ಲ.

ಟಿಕೆಟ್ ಮಾತ್ರ ಸಿಕ್ತು, ಎರಡು. ಸೆಂಟರ್ ಕೋರ್ಟ್ ಒಳಗೆ ಹೋಗೋಕೂ ಕಾಯ್ಬೇಕು, ಆಟಗಾರರು ಕಡೆ ಬದಲಿಸೋವರೆಗೂ ಒಳಗೆ ಬಿಡಲ್ಲ, ಮೆಟ್ಟಿಲ ಬಾಯಲ್ಲಿ ಮಿಲಿಟರಿ ಯೂನಿಫಾರ್ಮಲ್ಲಿ ಒಬ್ಬ ಹಗ್ಗ ಹಿಡ್ಕೊಂಡು ನಿಂತಿರ್ತಾನೆ. ಮೆಲ್ಬರ್ನಲ್ಲಿ ಈ ವರ್ಷದಿಂದ ಪ್ರತಿ ಗೇಮ್ ಮುಗಿದಾಗಲೂ ಬಿಡ್ತಾರೆ, ಆಟಗಾರರು ಗೊಣಗಿದ್ರು. ನನಗೆ ಆ ಹಗ್ಗವೇ ವಾಸಿ. ಒಳಗಿಂದ ಒಂದು ಚಪ್ಪಾಳೆ, ಆಮೇಲೆ ಮೌನ, ಆಮೇಲೆ ಟಕ್ ಟಕ್, ಆಮೇಲೆ ಹೋ ಅಂತ ಸದ್ದು, ಏನಾಯ್ತು ಅಂತ ಗೊತ್ತಾಗ್ದೆ ಅಲ್ಲಿ ನಿಂತಿದ್ದ ಇಪ್ಪತ್ತು ಜನ ಒಬ್ಬರ ಮುಖ ಒಬ್ಬರು ನೋಡೋದು. ಹಗ್ಗ ತೆಗೆದಾಗ ಆ ಹಸಿರು ಒಂದೇ ಸಲ ಕಣ್ಣಿಗೆ ಹೊಡೀತು. ಹದಿನೈದು ಸಾವಿರ ಜನ ಕೂರೋ ಜಾಗ ಅಂತ ಅನ್ಸೋದೇ ಇಲ್ಲ, ಟಿವಿಲಿ ಕಾಣೋದಕ್ಕಿಂತ ಚಿಕ್ಕದು.

ಜೊಕೊವಿಚ್ ಬಲಗಾಲಿಗೆ ಬೂದು ಬಣ್ಣದ ಪಟ್ಟಿ. ಆಪರೇಷನ್ ಆಗಿ 31 ದಿನ. ನಾನು ಬಾಲ್ ನೋಡಿದ್ದಕ್ಕಿಂತ ಆ ಮಂಡಿ ನೋಡಿದ್ದೇ ಜಾಸ್ತಿ. ಎಡಕ್ಕೆ ಹೋಗುವಾಗ ಜಾರ್ತಿದ್ದ, ಬಲಕ್ಕೆ ಹೋಗುವಾಗ ಒಂದು ಹೆಜ್ಜೆ ಜಾಸ್ತಿ ಹಾಕಿ ನಿಲ್ತಿದ್ದ, ಇದು ನನ್ನ ಕಣ್ಣಿಗೆ ಕಂಡಿದ್ದು, ಡಾಕ್ಟರ್ ಅಲ್ಲ ನಾನು. ಮೊದಲ ಸೆಟ್ 6-4 ಪಾಪಿರಿನ್‌ಗೆ ಹೋಗಿತ್ತು. ಅವತ್ತು ಸಂಜೆ ಯೂರೋ ಕ್ವಾರ್ಟರ್ ಫೈನಲ್ಲು, ಇಂಗ್ಲೆಂಡ್ ಮತ್ತೆ ಸ್ವಿಟ್ಜರ್ಲೆಂಡ್, ಪೆನಾಲ್ಟಿಗೆ ಹೋಗಿತ್ತು. ಸೆಂಟರ್ ಕೋರ್ಟಲ್ಲಿ ಎಲ್ಲರೂ ಶಿಸ್ತಾಗಿ ಟೆನಿಸ್ ನೋಡ್ತಿರೋ ಥರ ಮುಖ ಮಾಡ್ಕೊಂಡು ತೊಡೆ ಮೇಲೆ ಫೋನ್ ಇಟ್ಕೊಂಡಿದ್ರು, ನನ್ನ ಎಡಗಡೆ ಕೂತಿದ್ದ ಅಜ್ಜಿ ಕೂಡ, ಟೋಪಿ ಅಡ್ಡ ಹಿಡಿದು. ಇದ್ದಕ್ಕಿದ್ದಂಗೆ ಇಡೀ ಸ್ಟೇಡಿಯಂ ಕಿರುಚಿತು, ಇಂಗ್ಲೆಂಡ್ ಗೆದ್ದಿತ್ತು, ಆಟ ನಿಂತು ಹೋಯ್ತು. ಜೊಕೊವಿಚ್ ಅಲ್ಲೇ ನಿಂತು ಪೆನಾಲ್ಟಿ ಒದೆಯೋ ಥರ ಕಾಲು ಬೀಸಿ ತೋರಿಸಿದ, ಪಾಪಿರಿನ್ ಆ ಕಡೆಯಿಂದ ಗೋಲ್‌ಕೀಪರ್ ಥರ. ತಂಗಿ ಮೊದಲ ಸಲ ಎದ್ದು ನಿಂತು ಚಪ್ಪಾಳೆ ತಟ್ಟಿದ್ಳು. ಆಮೇಲೆ ಜೊಕೊವಿಚ್ ಮೂರು ಸೆಟ್ ತಗೊಂಡ, ಕೊನೇದು ಟೈಬ್ರೇಕು.

ಒಳ್ಳೇ ಮ್ಯಾಚು, ಸುಳ್ಳು ಯಾಕೆ ಹೇಳ್ಲಿ. ಖುಷಿನೂ ಆಯ್ತು. ಆದ್ರೆ ಹೊರಗೆ ಬರ್ತಾ ಗೇಟ್ ಹತ್ರ ಕ್ಯೂ ತಾತ ಸಿಕ್ಕಿಬಿಟ್ರು. ನನ್ನನ್ನ ನೋಡಿದ್ದೇ ಮುಖ ಅರಳಿಸಿ, "ನಿಮ್ಮವನ ಮ್ಯಾಚ್ ನೋಡಿದೆ, ನೀವು ಯಾವ ಕಡೆ ಕೂತಿದ್ರಿ, ಕಾಣಲೇ ಇಲ್ಲ" ಅಂದ್ರು. ನಾನು ಏನೋ ತೊದಲಿದೆ. ಅವರಿಗೆ ಅರ್ಥ ಆಯ್ತು ಅನ್ಸತ್ತೆ, ಕೆದಕಲಿಲ್ಲ. ಆ ಉದ್ದ ಕಪ್ಪು ಕೊಡೆ ಎರಡೂ ಕೈಲಿ ಹಿಡ್ಕೊಂಡು, ಫುಟ್‌ಪಾತ್ ಮೇಲೇ ಪಕ್ಕಕ್ಕೆ ತಿರುಗಿ ನಿಂತು, ಎಡಗೈ ಮೇಲೆತ್ತಿ, ಬೋಪಣ್ಣ ಹೆಂಗೆ ಸರ್ವ್ ಮಾಡ್ತಾನೆ ಅಂತ ತೋರಿಸಿದ್ರು. ಬೆನ್ನು ಬಾಗಿಸಿ, ಭುಜ ತಿರುಗಿಸಿ, ಕೊಡೆ ಸುಯ್ ಅಂತ ಕೆಳಗಿಳೀತು. ಹಿಂದೆ ಬರ್ತಿದ್ದ ಇಬ್ಬರು ಬಗ್ಗಿ ತಪ್ಪಿಸಿಕೊಂಡ್ರು. "ಈ ವಯಸ್ಸಲ್ಲಿ ಇದು ಸುಲಭ ಅಲ್ಲ" ಅಂದ್ರು, ಯಾರ ವಯಸ್ಸು ಅಂತ ಹೇಳಲಿಲ್ಲ.

ಭಾನುವಾರ, ಜುಲೈ 7

ರಾತ್ರಿ ವಿಮಾನ. ಮೊದಲೆಲ್ಲ ಮಧ್ಯದ ಭಾನುವಾರ ವಿಂಬಲ್ಡನ್ನಿಗೆ ರಜೆ ಇರ್ತಿತ್ತು, ಮಳೆ ಬಂದು ತೀರಾ ಎಡವಟ್ಟಾದ ವರ್ಷ ಮಾತ್ರ ಆಡಿಸ್ತಿದ್ರು, 2022ರಿಂದ ಪ್ರತಿ ವರ್ಷ ಆಟ ಇದೆ. ನಾನು ಪ್ಯಾಕಿಂಗ್ ಮಾಡ್ತಾ ಕೂತೆ, ತಂಗಿ ಏನ್ ಮಾಡಿದ್ಳು ಗೊತ್ತಾ, ಒಬ್ಳೇ ಹೋದ್ಳು! "ಸುಮ್ನೆ ದಿಬ್ಬದ ಮೇಲೆ ಕೂತು ಬರ್ತೀನಿ ಅಣ್ಣ" ಅಂತ. ಸಂಜೆ ಎಮ್ಮಾ ರಾಡುಕಾನು ಮತ್ತೆ ಲುಲು ಸುನ್ ಮ್ಯಾಚ್ ನಡೀತಿದ್ದಾಗ ಫೋನ್ ಮಾಡಿದ್ಳು. ಇಲ್ಲಿ ನಾನು ಲ್ಯಾಪ್‌ಟಾಪಲ್ಲಿ ಅದನ್ನೇ ನೋಡ್ತಿದ್ದೆ. ತಮಾಷೆ ಅಂದ್ರೆ ನನ್ನ ಸ್ಟ್ರೀಮ್ ಲೇಟು, ಫೋನಲ್ಲಿ ಮೊದಲು ಜನ ಕೂಗೋದು ಕೇಳತ್ತೆ, ಅರ್ಧ ನಿಮಿಷ ಆದ್ಮೇಲೆ ನನಗೆ ಆ ಪಾಯಿಂಟ್ ಕಾಣತ್ತೆ. ಹಂಗಾಗಿ ಆ ಹೊಡೆತ ಶುರುವಾಗೋಕೆ ಮುಂಚೆನೇ ಯಾರಿಗೆ ಹೋಗತ್ತೆ ಅಂತ ನನಗೆ ಗೊತ್ತಿರ್ತಿತ್ತು. ಕೊನೇ ಸೆಟ್ಟಲ್ಲಿ ಅವಳು "ಅಯ್ಯೋ" ಅಂದು ಸುಮ್ಮನಾದ್ಳು, ಹಿಂದೆ ಅಷ್ಟು ಜನ ಇದ್ರೂ ಸದ್ದಿಲ್ಲ. ನಾನು ಅರ್ಧ ನಿಮಿಷ ಕಾದು ರಾಡುಕಾನು ಸೋಲೋದನ್ನ ನೋಡಿದೆ. ಅರ್ಹತಾ ಸುತ್ತು ಆಡಿ ಬಂದಿದ್ದ ಸುನ್ ಹತ್ರ, 6-2, 5-7, 6-2.

ಆಮೇಲಿಂದೆಲ್ಲ ಟಿವಿನೇ. ಮುಂದಿನ ಭಾನುವಾರ ಆಲ್ಕರಾಜ್ ಫೈನಲಲ್ಲಿ ಜೊಕೊವಿಚ್‌ನ 6-2, 6-2, 7-6 ಹೊಡೆದು ಹಾಕಿದ. ಮೂರು ವಾರಕ್ಕೆ ಅದೇ ಇಬ್ಬರು ಪ್ಯಾರಿಸ್ ಒಲಿಂಪಿಕ್ ಫೈನಲಲ್ಲಿ, ಎರಡು ಟೈಬ್ರೇಕು, ಇಡೀ ಮ್ಯಾಚಲ್ಲಿ ಒಬ್ಬರೂ ಒಬ್ಬರ ಸರ್ವ್ ಮುರೀಲಿಲ್ಲ, 37ರ ಜೊಕೊವಿಚ್ ಗೆದ್ದು ಕ್ಲೇ ಮೇಲೆ ಬಿದ್ದು ಅತ್ತ, ಅದೇ ಬೂದು ಪಟ್ಟಿಯ ಮಂಡಿ ಮೇಲೆ. ಮರ್ರೆ ಅಲ್ಲೇ ಡಬಲ್ಸಲ್ಲಿ ಸೋತು ನಿಜವಾಗ್ಲೂ ಮುಗಿಸಿದ. ಬೋಪಣ್ಣ ಬಾಲಾಜಿ ಜೊತೆ ಮೊದಲ ರೌಂಡಲ್ಲೇ ಮೊನ್‌ಫಿಸ್, ರೋಜರ್-ವಾಸ್ಲಾನ್ ಹತ್ರ 7-5, 6-2 ಸೋತು ಇನ್ನು ಭಾರತದ ಪರ ಆಡಲ್ಲ ಅಂದ. ಅದನ್ನ ನಾನು ಪೂರ್ತಿ ನೋಡಿದೆ, ಮೊದಲ ಸರ್ವಿಂದ ಕೊನೇವರೆಗೂ, ಫೋನ್ ಬೇರೆ ರೂಮಲ್ಲಿಟ್ಟು. ಪ್ರತಿ ಸಲ ಅವನು ಕೈ ಎತ್ತಿದಾಗ ನನಗೆ ಕಂಡಿದ್ದು ಕಪ್ಪು ಕೊಡೆ.

ಅಕ್ಟೋಬರಲ್ಲಿ ಒಂದು ಸುದ್ದಿ ಬಂತು, 2025ರಿಂದ ವಿಂಬಲ್ಡನ್ನಲ್ಲಿ ಲೈನ್ ಜಡ್ಜ್‌ಗಳು ಇರಲ್ಲ, ಎಲ್ಲಾ ಮೆಷಿನ್ನೇ ಕೂಗತ್ತೆ ಅಂತ. 147 ವರ್ಷ ಇದ್ದಿದ್ದು. ನಡಾಲು, ಮರ್ರೆ, ಥೀಮು ಅಂತ ಈ ವರ್ಷ ವಿದಾಯಗಳನ್ನ ಹುಡುಕ್ಕೊಂಡು ಹೋಗಿ ಒಂದೊಂದನ್ನೂ ಅರ್ಧಂಬರ್ಧ ನೋಡಿದೋನು ನಾನು, ಇದೊಂದು ವಿದಾಯ ಕಣ್ಣೆದುರಿಗೇ ನಡೀತಿದ್ದಾಗ ಗೊತ್ತೇ ಇರಲಿಲ್ಲ.

ಆ ತಪ್ಪಿ ತೆಗೆದ ವಿಡಿಯೋ ಹುಡುಕಿದೆ, ಡಿಲೀಟ್ ಆಗಿರಲಿಲ್ಲ. 14 ಸೆಕೆಂಡು. ಪ್ಲೇಯರ್ರೂ ಇಲ್ಲ, ಬಾಲೂ ಇಲ್ಲ. ಆ ಹೆಂಗಸು ಮಂಡಿ ಮೇಲೆ ಕೈ ಇಟ್ಟು ಬಗ್ಗಿರ್ತಾರೆ, ಗೆರೆ ನೋಡ್ತಾ. ಎಲ್ಲೋ ಆಚೆ ರ‍್ಯಾಕೆಟ್ ಸದ್ದು, ಒಂದು, ಎರಡು, ಮೂರು. ಆಮೇಲೆ ಅವರ ಬಲಗೈ ಪಕ್ಕಕ್ಕೆ ನೆಟ್ಟಗೆ ಚಾಚತ್ತೆ, "ಔಟ್!" ಅಂತ ಅಷ್ಟು ಸಣ್ಣ ಮೈಯಿಂದ ಬರೋ ಸ್ವರನೇ ಅಲ್ಲ ಅದು. ಹಿಂದಿನಿಂದ ತಂಗಿ ಧ್ವನಿ, "ಅಣ್ಣ, ಅದು ಔಟಾ?" ನಂದು, "ಅವರು ಹೇಳಿದ ಮೇಲೆ ಔಟೇ ಕಣೇ." ಆ ಹೆಂಗಸು ಸೊಂಟಕ್ಕೆ ಒಂದು ಸಲ ಕೈ ಒತ್ಕೋತಾರೆ, ಮತ್ತೆ ಬಗ್ತಾರೆ, ಅಲ್ಲಿಗೆ ಕಟ್ ಆಗತ್ತೆ.